ಕೈ ಹಿಡಿಯುವುದು, ಕೈ ಬಿಡುವುದು

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ದೇಶೀ ಶಾಲೆಗಳು ಎಷ್ಟಿವೆ, ಏನು ಕಲಿಸುತ್ತವೆ ಎಂದು ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳನ್ನೂ ಕೇಳಿದ್ದ. ಹೆಚ್ಚಿನ ಕಲೆಕ್ಟರುಗಳು ಲೆಕ್ಕದ ಪಟ್ಟಿ ತುಂಬಿಸಿ ಕೈತೊಳೆದುಕೊಂಡರು. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಕನ್ನಡ ಶಾಲೆ 235, ತೆಲುಗಿನವು 226. ಇಷ್ಟು ಬರೆದ ಮೇಲೆ, ಒಂದು ಮಗು ಅಕ್ಷರ ಹೇಗೆ ಕಲಿಯುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ.

ಮಗುವಿಗೆ ಐದು ತುಂಬಿದಾಗ ಮೇಷ್ಟ್ರು ತಮ್ಮ ಮಕ್ಕಳ ದಂಡನ್ನೆಲ್ಲ ಕಟ್ಟಿಕೊಂಡು ಆ ಮನೆಗೆ ಬರುತ್ತಾರೆ. ಗಣಪತಿಯ ಸುತ್ತ ಎಲ್ಲರೂ ಕೂರುತ್ತಾರೆ. ಮೇಷ್ಟ್ರು ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಬೆರಳಾಡಿಸಿ ಬರೆಸುತ್ತಾರೆ. ಮರುದಿನದಿಂದ ಶಾಲೆ, ನೆಲದ ಮರಳಿನಲ್ಲಿ ಅಕ್ಷರ. ಆಮೇಲೆ ಅಕ್ಕಿಗಂಜಿ, ಇದ್ದಿಲಪುಡಿ ಬಳಿದ ಹಲಗೆ, ಗಂಜಿ ಹಾಕಿ ಮಡಚಿದ ಬಟ್ಟೆಗೆ ಇದ್ದಿಲು, ಅಂಟು ಸವರಿ ಮಾಡಿದ ಕಡತ, ಬರೆಯಲಿಕ್ಕೆ ಬಳಪ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು. ಖರ್ಚಿಲ್ಲದ ಈ ತಂತ್ರಜ್ಞಾನವನ್ನೂ, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನೂ ಇಂಗ್ಲೆಂಡ್ ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿದ. ಆದರೆ ಒಂದು ಕಡೆ ಅವನಿಗೆ ಸಿಟ್ಟು ಬಂತು. ಮಕ್ಕಳು ಪದ್ಯದ ಮೇಲೆ ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆ ಎಂದು ದೂರಿದ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಸೀಮೆಯೆಲ್ಲ ಆಗ ಆ ಜಿಲ್ಲೆಯೊಳಗೇ ಇತ್ತು. ಐದನೇ ವರ್ಷಕ್ಕೆ ಮೇಷ್ಟ್ರು ಕೈ ಹಿಡಿದರು, ಆಯಿತು. ಅದಕ್ಕೆ ಮುಂಚೆ, ಮೂರನೆಯ, ನಾಲ್ಕನೆಯ ವರ್ಷದಲ್ಲಿ, ಆ ಕೈ ಏನು ಮಾಡುತ್ತಿತ್ತು? ಕಲೆಕ್ಟರಿಗೆ ಅದು ಬೇಕಿರಲಿಲ್ಲ. ನನಗೆ ಈ ಅಧ್ಯಾಯದಲ್ಲಿ ಬೇಕಾಗಿರುವುದು ಅದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈಗ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹರಪನಹಳ್ಳಿಯದು ಬೇರೆಯದೇ ಕಥೆ. 1997ರಲ್ಲಿ ಅದು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿ 2016ರಲ್ಲಿ ಹುಟ್ಟಿದ ಕೂಸು ತೊಟ್ಟಿಲು ಬಿಟ್ಟು ಅಂಗನವಾಡಿ ಮುಗಿಸುವಷ್ಟರಲ್ಲಿ, ಕೂತ ಜಾಗದಿಂದ ಏಳದೆಯೇ ಮೂರು ಜಿಲ್ಲೆ ಕಂಡಿತು. ಮಳೆ ಕಡಿಮೆಯ ಸೀಮೆ ಇದು. ಮೆಕ್ಕೆಜೋಳ, ಶೇಂಗಾ, ಬಿಳಿಜೋಳ, ಹುಣಸೆಮರ, ಕುರಿಹಿಂಡು, ಬಂಡೆಗುಡ್ಡ. 'ಸ್ಟೆಮ್ ಕಿಟ್' ಎಂಬ ಹೆಸರಿನಲ್ಲಿ ಬಣ್ಣದ ಪ್ಲಾಸ್ಟಿಕ್ಕನ್ನು ಪೆಟ್ಟಿಗೆಯಲ್ಲಿ ತುಂಬಿ ಸಾವಿರಾರು ರೂಪಾಯಿಗೆ ಮಾರುವ ಅಂಗಡಿಗಳು ಹೊಸಪೇಟೆಯವರೆಗೂ ಬಂದಿರಬಹುದು. ಅವುಗಳ ಗೊಡವೆ ನಮಗೆ ಬೇಡ.

ನಾನು ಕೆಡಿಸಿದ ಒಂದು ಆಟದಿಂದ ಶುರು ಮಾಡುತ್ತೇನೆ. ಈ ಕಡೆಯ ಒಂದು ಅಂಗನವಾಡಿಗೆ ಹೋಗಿದ್ದೆ. ಬೋಗುಣಿಯಲ್ಲಿ ನೀರು, ಎದುರಿಗೆ ಹನ್ನೆರಡು ಮಕ್ಕಳು. ಒಂದು ಇಡೀ ಶೇಂಗಾಕಾಯಿ ಹಾಕಿದೆ, ತೇಲಿತು. ಸುಲಿದು ಕಾಳು ಹಾಕಿದೆ, ಮುಳುಗಿತು. ಒಬ್ಬಳು ಬಗ್ಗಿ ನೋಡಿ, "ಅದಕ್ಕ ಈಸಾಕ ಬರಂಗಿಲ್ಲೇನ್ರಿ?" ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಅದನ್ನು ಅಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ಸಿಪ್ಪೆಯೊಳಗೆ ಗಾಳಿ ಇರುತ್ತದೆ, ಆದ್ದರಿಂದ ಒಟ್ಟು ಗಾತ್ರಕ್ಕೆ ಹೋಲಿಸಿದರೆ ತೂಕ ಕಡಿಮೆ, ಅದಕ್ಕೇ ತೇಲುತ್ತದೆ ಎಂದು ಸರಾಗವಾಗಿ ವಿವರಿಸಿದೆ. "ಹೌದ್ರೀ ಸರ್" ಎಂದು ಹನ್ನೆರಡೂ ಬಾಯಿ ಒಟ್ಟಿಗೆ ಹೇಳಿದವು. ಆಟ ಅಲ್ಲಿಗೆ ಸತ್ತಿತು.

ಚಹಾ ಬಂತೆಂದು ಹೊರಗೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ಒಬ್ಬ ಸಿಪ್ಪೆಯನ್ನು ಎರಡು ಹೋಳು ಮಾಡಿ ದೋಣಿ ಬಿಟ್ಟಿದ್ದ. ಪಕ್ಕದವನು ಆ ದೋಣಿಗೆ ಕಾಳು ಹೇರುತ್ತಿದ್ದ. ಒಂದು ಹೇರಿದರೆ ತೇಲಿತು, ಎರಡಕ್ಕೆ ವಾಲಿತು, ಮೂರಕ್ಕೆ ಮುಳುಗಿತು. "ಇನ್ನೊಂದ್ ದೊಡ್ದು ಸಿಪ್ಪಿ ಕೊಡ್ರೋ" ಎಂದು ಮೂರನೆಯವನ ಕೂಗು. ಮುಳುಗುವ ಕಾಳನ್ನು ತೇಲಿಸುವುದು ಹೇಗೆ ಎಂಬ, ಹಡಗು ಕಟ್ಟುವವರ ಪ್ರಶ್ನೆಗೆ ಅವರಾಗಿಯೇ ಬಂದು ನಿಂತಿದ್ದರು. ನಾನು ಇದ್ದಾಗ ಬರಲಿಲ್ಲ, ಎದ್ದುಹೋದ ಮೇಲೆ ಬಂದರು ಎಂಬುದು ಗಮನಿಸಬೇಕಾದ ಮಾತು.

ಇದು ನನ್ನೊಬ್ಬನ ಪೆದ್ದುತನವಲ್ಲ ಎಂದು ಆಮೇಲೆ ಸಮಾಧಾನಪಟ್ಟುಕೊಂಡೆ. 2011ರಲ್ಲಿ ಎಲಿಜಬೆತ್ ಬೊನಾವಿಟ್ಸ್, ಲಾರಾ ಶುಲ್ಟ್ಸ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಒಂದು ವಿಚಿತ್ರ ಆಟಿಕೆ ಕೊಟ್ಟು ನೋಡಿದರು. ಅದರಲ್ಲಿ ನಾಲ್ಕು ಗುಟ್ಟು ಅಡಗಿದ್ದವು: ಒಂದು ಕಡೆ ಎಳೆದರೆ ಕೀಚಲು ಸದ್ದು, ಒಂದು ಕಡೆ ದೀಪ, ಒಂದು ಕಡೆ ಸಂಗೀತ, ಒಂದು ಕೊಳವೆಯೊಳಗೆ ಕನ್ನಡಿ. ಕೆಲವು ಮಕ್ಕಳಿಗೆ ಸಂಶೋಧಕಿ, "ನೋಡು, ಇದು ಹೀಗೆ ಕೆಲಸ ಮಾಡುತ್ತದೆ" ಎಂಬ ಧಾಟಿಯಲ್ಲಿ ಕೀಚಲು ಸದ್ದು ಮಾಡಿ ತೋರಿಸಿದಳು. ಇನ್ನು ಕೆಲವರ ಮುಂದೆ ಅದೇ ಸದ್ದು ಕೈತಪ್ಪಿ ಆಯಿತು ಎಂಬಂತೆ ನಟಿಸಿದಳು. ಪಾಠ ಸಿಕ್ಕ ಮಕ್ಕಳು ಆ ಒಂದೇ ಗುಟ್ಟನ್ನು ಹಿಡಿದುಕೊಂಡು ಬೇಗ ಆಟ ಮುಗಿಸಿದರು. ಕೈತಪ್ಪು ಕಂಡವರು ಹೆಚ್ಚು ಹೊತ್ತು ತಡಕಾಡಿದರು, ಬೇರೆ ಗುಟ್ಟುಗಳನ್ನೂ ಹೆಚ್ಚಾಗಿ ಹುಡುಕಿದರು. ಮಕ್ಕಳು ಇದರಲ್ಲಿ ದಡ್ಡರೇನಲ್ಲ. ಟೀಚರು ಇಷ್ಟೇ ತೋರಿಸಿದರೆ ಇರುವುದು ಇಷ್ಟೇ ಎಂದು ಅವರು ತರ್ಕಿಸುತ್ತಾರೆ. ತರ್ಕ ಸರಿಯಾದದ್ದೇ, ಕೆಡುಕು ಮಾಡಿದ್ದು ನಮ್ಮ ತೋರಿಸುವ ಚಪಲ.

ಇದಕ್ಕೂ ಮೂವತ್ತೇಳು ವರ್ಷ ಹಿಂದಿನ ಇನ್ನೊಂದು ಪ್ರಯೋಗವನ್ನು ಇದರ ಪಕ್ಕದಲ್ಲಿಡಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಕಂಡುಕೊಂಡ ಪ್ರಸಿದ್ಧ ಸಂಗತಿಯನ್ನು ನೀವೂ ಮನೆಯಲ್ಲೇ ನೋಡಬಹುದು. ಆರು ಮೆಕ್ಕೆಜೋಳದ ಕಾಳಿನ ಎರಡು ಸಾಲು ಎದುರುಬದುರು ಇಡಿ. ನಾಲ್ಕು ವರ್ಷದ ಮಗು ಎರಡೂ ಒಂದೇ ಎನ್ನುತ್ತದೆ. ಈಗ ಒಂದು ಸಾಲನ್ನು ನೀವೇ ಅಗಲಿಸಿ ಮತ್ತೆ ಕೇಳಿ. "ಇದರಾಗ ಭಾಳ ಅದಾವ" ಎಂದು ಉದ್ದ ಸಾಲನ್ನು ತೋರಿಸುತ್ತದೆ. ಮಗುವಿಗೆ ಸಂಖ್ಯೆಯ ಸ್ಥಿರತೆ ತಿಳಿಯದು ಎಂದು ಪಿಯಾಜೆ ತೀರ್ಮಾನಿಸಿದ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಸ್ಕಾಟ್ಲೆಂಡಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಸಾಲನ್ನು ದೊಡ್ಡವರು ಅಗಲಿಸಲಿಲ್ಲ, ಪೆಟ್ಟಿಗೆಯಿಂದ ಒಂದು ತುಂಟ ಕರಡಿಗೊಂಬೆ ಹಾರಿಬಂದು ಕೆಡಿಸಿತು. ಅಷ್ಟಕ್ಕೇ, ಮೊದಲಿಗಿಂತ ಎಷ್ಟೋ ಹೆಚ್ಚು ಮಕ್ಕಳು ಎರಡೂ ಸಾಲಿನಲ್ಲಿ ಒಂದೇ ಸಮ ಇದೆ ಎಂದರು.

ದೊಡ್ಡವರು ಬೇಕೆಂದೇ ಏನೋ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರ ಬದಲಾಗಬೇಕು ಎಂದು ಮಗು ಊಹಿಸುತ್ತದೆ. ಕಾಳನ್ನು ಬಿಟ್ಟು ನಮ್ಮ ಮುಖ ಓದುತ್ತದೆ. ಎರಡೂ ಪ್ರಯೋಗ ಬೇರೆ ಬೇರೆ ಕಾಲದ್ದು, ಬೇರೆ ಬೇರೆ ಉದ್ದೇಶದ್ದು. ನನಗೆ ಮಾತ್ರ ಎರಡೂ ಒಂದೇ ಹೇಳುತ್ತಿವೆ ಅನಿಸುತ್ತದೆ: ದೊಡ್ಡವರ ಕೈ ನಡುವೆ ಬಂದಾಗ ಮಗು ವಸ್ತುವನ್ನು ನೋಡುವುದು ಬಿಟ್ಟು ದೊಡ್ಡವರನ್ನು ನೋಡಲು ಶುರುಮಾಡುತ್ತದೆ. ಕೂಡ್ಲಿಗಿಯಲ್ಲಿ ತುಂಟ ಕರಡಿಗೆ ಬರವೇ? ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆ. ಚಿಂದಿಬಟ್ಟೆಯ ಒಂದು ಕರಡಿ ಮಾಡಿಕೊಳ್ಳಿ, ಕುರಿಮರಿಯಾದರೂ ಆದೀತು. ಕಾಳು ಚದುರಿಸುವ ಕೆಲಸ ಅದರದು.

ಇನ್ನು ಕೊಟ್ಟೂರಿಗೆ ಬನ್ನಿ. ಅಲ್ಲಿಗೆ ಹೋಗಿ ಮಿರ್ಚಿ ಮಂಡಕ್ಕಿ ತಿನ್ನದೆ ಬಂದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಮಂಡಕ್ಕಿ ಬರೀ ತಿನ್ನುವ ಪದಾರ್ಥವಲ್ಲ, ಎಳೆಯರ ಭೌತವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ಒಂದೇ ಅಳತೆಯ ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಅಕ್ಕಿ, ಒಂದರಲ್ಲಿ ಮಂಡಕ್ಕಿ, ಎರಡೂ ಕಂಠಮಟ್ಟ. ಯಾವುದು ಜಾಸ್ತಿ? "ಎಲ್ಡೂ ಅಷ್ಟೇ." ಈಗ ಎರಡು ಕೈಯಲ್ಲಿ ಎರಡನ್ನೂ ಕೊಡಿ. ಮಗುವಿನ ಹುಬ್ಬು ಮೇಲೇರುತ್ತದೆ. ಕಣ್ಣು ಒಂದೇ ಎನ್ನುತ್ತದೆ, ಕೈ ಅಲ್ಲ ಎನ್ನುತ್ತದೆ. ಗಾತ್ರ ಬೇರೆ ತೂಕ ಬೇರೆ ಎಂಬ, ಹೈಸ್ಕೂಲಿನಲ್ಲಿ ಸಾಂದ್ರತೆ ಎಂಬ ಹೆಸರಿನಲ್ಲಿ ಎದುರಾಗುವ ಸಂಗತಿಯ ಬೇರು ಈ ಹುಬ್ಬಿನಲ್ಲಿದೆ. ಸಾಂದ್ರತೆ ಎಂಬ ಪದ ಈಗ ಬೇಡವೇ ಬೇಡ.

ಮುಂದಿನದು ತಕ್ಕಡಿ. ಒಂದು ಕೋಲು, ನಡುವೆ ದಾರ, ಎರಡು ತುದಿಗೆ ತೆಂಗಿನ ಚಿಪ್ಪು. ನಡುವೆ ಎಂದರೆ ಎಲ್ಲಿ ಎಂಬುದನ್ನು ಮಕ್ಕಳೇ ಜಗಳವಾಡಿ ಹುಡುಕಲಿ. ಖಾಲಿ ಚಿಪ್ಪಿನಲ್ಲೇ ಕೋಲು ವಾಲಿದರೆ ದಾರ ಸರಿಸಬೇಕೆಂದು ಅವರಿಗೆ ಹೊಳೆಯುತ್ತದೆ. ಒಂದು ಹಿಡಿ ಅಕ್ಕಿಗೆ ಎಷ್ಟು ಹಿಡಿ ಮಂಡಕ್ಕಿ ಸಮ? ಮೊದಲು ಊಹೆ, ಆಮೇಲೆ ತೂಗುವುದು. ಈ ಕ್ರಮ ತಪ್ಪಬಾರದು. ಊಹಿಸಿದ ಮಗು ಫಲಿತಾಂಶಕ್ಕೆ ಕಾಯುತ್ತದೆ, ಊಹಿಸದ ಮಗು ಸುಮ್ಮನೆ ನೋಡುತ್ತದೆ.

ಅಡುಗೆಮನೆಯಲ್ಲಿ ಸುಸಲಾ ಮಾಡುವ ದಿನ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ದೊಡ್ಡ ಪಾತ್ರೆ ತುಂಬ ಇದ್ದ ಮಂಡಕ್ಕಿಯನ್ನು ನೆನೆಸಿ ಹಿಂಡಿದರೆ ತಳಕ್ಕೆ ಕೂರುತ್ತದೆ. "ಉಳಿದದ್ದು ಎಲ್ಲಿಗೆ ಹೋತು? ಯಾರ್ ತಿಂದ್ರು?" ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಆದದ್ದರ ತಿರುವುಮುರುವು ಇದು. ಬೇಯಿಸಿ ಒಣಗಿಸಿದ ಅಕ್ಕಿಗೆ ಉಪ್ಪುನೀರು ಸೋಕಿಸಿ ಸುಡುಮರಳಿಗೆ ಎಸೆದಾಗ, ಕಾಳಿನೊಳಗೆ ಉಳಿದ ತುಸು ತೇವ ಕ್ಷಣದಲ್ಲಿ ಹಬೆಯಾಗಿ, ಮೆತ್ತಗಾದ ಪಿಷ್ಟವನ್ನು ಬಲೂನಿನಂತೆ ಉಬ್ಬಿಸುತ್ತದೆ. ಆ ಸಣ್ಣ ಸಣ್ಣ ಗಾಳಿಕೋಣೆಗಳ ಗೋಡೆ ನೀರು ಕುಡಿದು ಕುಸಿದಾಗ ಸುಸಲಾ. ಭಟ್ಟಿಯನ್ನು ಮಕ್ಕಳು ದೂರದಿಂದ ನೋಡಲಿ, ಹಿಂಡುವುದನ್ನು ಮಾತ್ರ ಅವರ ಕೈಗೆ ಕೊಡಿ.

ಹುಣಸೆಬೀಜದ ವಿಷಯಕ್ಕೆ ಬಂದರೆ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಬೀಜದ ಒಂದು ಮುಖವನ್ನು ಕಲ್ಲಿಗೆ ಉಜ್ಜಿದರೆ ಕಂದುಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಇಂಥ ನಾಲ್ಕು ಬೀಜವಿದ್ದರೆ ಚೌಕಾಬಾರ ಎಂಬ ಮಣೆಯಾಟದ ದಾಳ ಸಿದ್ಧ. ಉಜ್ಜುವಾಗ ಬೀಜ ಬಿಸಿಯಾಗುತ್ತದೆ. ಕೆನ್ನೆಗೋ ತೋಳಿಗೋ ಒತ್ತಿ ಒಬ್ಬರನ್ನೊಬ್ಬರು ಚುರ್ ಎನ್ನಿಸದೆ ಬೆಳೆದ ಮಕ್ಕಳು ನಮ್ಮ ತಲೆಮಾರಿನಲ್ಲಿ ಇರಲಿಲ್ಲ. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂಬುದನ್ನು ನಾವು ಚರ್ಮದಿಂದ ಕಲಿತೆವು.

ನಾಲ್ಕು ಬೀಜ ಎಸೆದರೆ ಬೀಳುವ ರೀತಿ ಹದಿನಾರು. ಬಿಳಿ ಒಂದೂ ಕಾಣದಿರುವುದು ಒಂದು ರೀತಿ, ಒಂದು ಬಿಳಿ ನಾಲ್ಕು ರೀತಿ, ಎರಡು ಬಿಳಿ ಆರು, ಮೂರು ಬಿಳಿ ನಾಲ್ಕು, ನಾಲ್ಕೂ ಬಿಳಿ ಒಂದೇ ರೀತಿ. ಎಲ್ಲ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿಯಿಲ್ಲದಿದ್ದರೆ ಬಾರಾ, ಎಂಟು. ಅಪರೂಪಕ್ಕೆ ಬೀಳುವುದಕ್ಕೆ ಹೆಚ್ಚು ಬೆಲೆ ಕೊಟ್ಟ ನಮ್ಮ ಅಜ್ಜಿಯರು ಸಂಭವನೀಯತೆಯ ಸೂತ್ರ ಓದಿರಲಿಲ್ಲ, ಆಡಿ ಆಡಿ ಕಂಡುಕೊಂಡಿದ್ದರು. ನಾಲ್ಕು ವರ್ಷದ ಮಗುವಿಗೆ ಹದಿನಾರರ ಲೆಕ್ಕ ಬೇಡ. ನೆಲದಲ್ಲಿ ಐದು ಮನೆ ಬರೆಯಿರಿ. ಪ್ರತಿ ಸಲ ಎಸೆದಾಗ ಎಷ್ಟು ಬಿಳಿ ಬಿತ್ತೋ ಆ ಮನೆಯ ಮುಂದೆ ಒಂದು ಕಾಳು ಜೋಡಿಸಲಿ. ಮೂವತ್ತು ನಲವತ್ತು ಸಲ ಎಸೆಯುವಷ್ಟರಲ್ಲಿ ನಡುವಿನ ಸಾಲು ಉದ್ದ, ಎರಡು ತುದಿ ಗಿಡ್ಡ, ಸ್ತಂಭನಕ್ಷೆ ನೆಲದ ಮೇಲೆ ಬೆಳೆದಿರುತ್ತದೆ. ನಿಜವಾದ ಬೀಜ ಲೆಕ್ಕದ ಬೀಜದಷ್ಟು ನ್ಯಾಯವಂತವಲ್ಲ, ಒಂದು ಕಡೆಗೆ ವಾಲಿ ಬೀಳುವುದೂ ಉಂಟು. ಅದನ್ನು ಮಕ್ಕಳೇ ಕಂಡುಹಿಡಿದು, "ಈ ಬೀಜ ಮೋಸ ಮಾಡ್ತೈತಿ" ಎಂದರೆ ನಿಮ್ಮ ಮನೆಯಲ್ಲಿ ಒಬ್ಬ ಸಂಖ್ಯಾಶಾಸ್ತ್ರಜ್ಞ ಹುಟ್ಟಿದ ಎಂದೇ ತಿಳಿಯಿರಿ.

ಮಣೆಯಾಟದಿಂದ ಅಂಕಿ ಕಲಿಯಬಹುದು ಎಂಬುದಕ್ಕೆ ಪುರಾವೆಯೂ ಇದೆ. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದ ಬಡ ಕುಟುಂಬಗಳ ಎಳೆಯರಿಗೆ 1ರಿಂದ 10ರವರೆಗೆ ಒಂದೇ ಸಾಲಿನಲ್ಲಿ ಬರೆದ ಮನೆಗಳ ಆಟ ಆಡಿಸಿದರು. ಒಟ್ಟು ಸುಮಾರು ಒಂದು ಗಂಟೆಯ ಆಟ, ಅಷ್ಟೇ. ಎಣಿಕೆ, ಅಂಕಿ ಗುರುತು, ಯಾವುದು ದೊಡ್ಡದು ಎನ್ನುವುದು ಎಲ್ಲದರಲ್ಲೂ ಮಕ್ಕಳು ಮುಂದೆ ಬಂದರು, ಒಂಬತ್ತು ವಾರದ ಮೇಲೂ ಅದು ಉಳಿದಿತ್ತು. ಅಂಕಿಯ ಬದಲು ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಈ ಲಾಭ ಸಿಗಲಿಲ್ಲ. ಮನೆಗಳು ವೃತ್ತದಲ್ಲಿದ್ದರೆ ಫಲ ಕಡಿಮೆ ಎಂದು ಮರುವರ್ಷ ಅವರೇ ತೋರಿಸಿದರು. ಹಾಗಾಗಿ ಸುತ್ತಿಸುತ್ತಿ ಒಳಗೆ ಹೋಗುವ ಚೌಕಾಬಾರ ಆರೇಳು ವರ್ಷಕ್ಕೆ ಇರಲಿ. ನಾಲ್ಕರ ಮಗುವಿಗೆ ಅಂಗಳದಲ್ಲಿ ಸುಣ್ಣದಿಂದ ಹತ್ತು ಮನೆಯ ನೆಟ್ಟಗಿನ ಸಾಲು ಸಾಕು. ಮಗುವೇ ಕಾಯಿಯಾಗಿ ಕುಪ್ಪಳಿಸಲಿ, ನಿಂತ ಮನೆಯ ಅಂಕಿ ಕೂಗಲಿ.

ಕನ್ನಡ ಮಾತಾಡುವ ಮಗುವಿಗೆ ಇಲ್ಲಿ ಒಂದು ಪುಕ್ಕಟೆ ಸಹಾಯವಿದೆ. ಇಪ್ಪತ್ತೊಂದು ಎಂದರೆ ಇಪ್ಪತ್ತು ಮತ್ತು ಒಂದು ಎಂದು ಪದವೇ ಬಿಡಿಸಿ ಹೇಳುತ್ತದೆ. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಉರುಹೊಡೆಯಬೇಕು. ಮನೆಯಲ್ಲಿ ಮೂವತ್ತೈದು ಎನ್ನುವ ಮಗುವಿಗೆ ಮೂರು ವರ್ಷಕ್ಕೇ 'ಥರ್ಟಿ ಫೈವ್' ಉರುಹೊಡೆಸುವವರನ್ನು ಕಂಡಾಗ ನನಗೆ ಕ್ಯಾಂಪ್‌ಬೆಲ್‌ನ ಗಿಳಿ ನೆನಪಾಗುತ್ತದೆ.

ಆಟ ಆಡಿಸಿದರೆ ಸಾಕು, ಶಾಲೆಯ ಗಣಿತ ತಾನಾಗಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. 2017ರಲ್ಲಿ ಮೋಯಿರಾ ಡಿಲನ್, ಎಲಿಜಬೆತ್ ಸ್ಪೆಲ್ಕಿ, ಎಸ್ತರ್ ಡುಫ್ಲೊ ಮೊದಲಾದವರು 'ಸೈನ್ಸ್' ಪತ್ರಿಕೆಯಲ್ಲಿ ದೆಹಲಿಯ ಅಧ್ಯಯನವೊಂದನ್ನು ಪ್ರಕಟಿಸಿದರು. 'ಪ್ರಥಮ್' ಸಂಸ್ಥೆಯ ಬಾಲವಾಡಿಗಳ ಸುಮಾರು 1,500 ಮಕ್ಕಳು ನಾಲ್ಕು ತಿಂಗಳು ಗಣಿತದ ಆಟ ಆಡಿದರು. ಯಾವುದರಲ್ಲಿ ಚುಕ್ಕಿ ಹೆಚ್ಚು, ಯಾವ ಆಕಾರ ಬೇರೆ ಎಂದು ಗುರುತಿಸುವ ಸಹಜ ಶಕ್ತಿ ಬೆಳೆಯಿತು, ವರ್ಷ ಕಳೆದರೂ ಉಳಿಯಿತು. ಒಂದನೇ ತರಗತಿಯ ಗಣಿತದಲ್ಲಿ ಮಾತ್ರ ಅವರು ಉಳಿದವರಿಗಿಂತ ಮುಂದೆ ಹೋಗಲಿಲ್ಲ. ಅಂಗಳದ ಆಟಕ್ಕೂ ಶಾಲೆಯ ಅಂಕಿಗೂ ನಡುವೆ ಒಂದು ಹಳ್ಳವಿದೆ, ದಾಟಲು ಯಾರಾದರೂ ಹಲಗೆ ಹಾಕಬೇಕು. ಕಾಳಿನ ಸಾಲಿನ ಪಕ್ಕದಲ್ಲಿ ಬಳಪದಿಂದ 6 ಎಂದು ಬರೆಯುವುದು ಅಂಥ ಹಲಗೆ. ಐದನೇ ವರ್ಷಕ್ಕೆ ಕೈ ಹಿಡಿದು ಬರೆಸಿದ ಮೇಷ್ಟ್ರನ್ನು ನಾನು ತೆಗೆದುಹಾಕುವುದಿಲ್ಲ. ಅವರು ಹಿಡಿಯುವ ಕೈ ಅದಾಗಲೇ ಸಾವಿರ ಕಾಳು ಎಣಿಸಿರಬೇಕು, ಅಷ್ಟೇ.

ಹಡಗಲಿಯಲ್ಲಿ ಎಣಿಸಲಿಕ್ಕೆ ಮಲ್ಲಿಗೆಯಿದೆ. ಭೌಗೋಳಿಕ ಸೂಚಿಕೆ ಪಡೆದ ಹೂವು ಅದು, ಊರಿನ ಹೆಸರಿಗೇ ಹೂವು ಅಂಟಿಕೊಂಡಿದೆ. ಎರಡು ಮಲ್ಲಿಗೆ ಒಂದು ಕನಕಾಂಬರ, ಎರಡು ಮಲ್ಲಿಗೆ ಒಂದು ಕನಕಾಂಬರ ಎಂದು ಸಾಲಾಗಿ ಇಟ್ಟು, "ಮುಂದಿಂದು ಯಾವುದು?" ಎಂದರೆ ಅದು ವಿನ್ಯಾಸ. ಮೊಗ್ಗನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒಂದಿಷ್ಟು, ಹಾಗೇ ಒಂದಿಷ್ಟು ಇಟ್ಟು ಸಂಜೆ ನೋಡಿದರೆ ಅದು ಪ್ರಯೋಗ. ನನಗೆ ಹೆಚ್ಚು ಇಷ್ಟ ಮೊಳ. ಅಜ್ಜಿಯ ಮೊಳದಲ್ಲಿ ಅಳೆದ ದಂಡೆಯನ್ನು ಮೊಮ್ಮಗಳು ತನ್ನ ಮೊಳದಲ್ಲಿ ಅಳೆಯಲಿ. ಮೂರು ಮೊಳದ ದಂಡೆ ಐದು ಮೊಳವಾಯಿತು! ಅಜ್ಜಿಯ ಕೈಯಿಂದ ಕೊಂಡು ಮೊಮ್ಮಗಳ ಕೈಯಿಂದ ಮಾರಿದರೆ ಲಾಭ ಎಂಬ ವ್ಯಾಪಾರದ ಗುಟ್ಟು ಅರ್ಥವಾದ ಮಗುವಿಗೆ, ಜಗತ್ತಿಗೆ ಮೀಟರು ಯಾಕೆ ಬೇಕಾಯಿತು ಎಂದು ಬೇರೆ ಹೇಳಬೇಕಿಲ್ಲ.

ಅದೇ ತಾಲ್ಲೂಕಿನ ಮೈಲಾರದ ಗೊರವಯ್ಯ ಭಿಕ್ಷೆಗೆ ಬಂದಾಗ ಅವನ ಡಮರುಗದ ಸದ್ದಿಗೆ ಮಕ್ಕಳು ಓಡಿಬರುತ್ತವೆ. ಸದ್ದಿನ ಆಟ ಮನೆಯಲ್ಲೂ ಆಗುತ್ತದೆ: ಅಗಲ ಬಾಯಿಯ ಡಬ್ಬಿಗೆ ಬಲೂನಿನ ರಬ್ಬರು ಬಿಗಿದು ನಾಲ್ಕು ಮಂಡಕ್ಕಿ ಚೆಲ್ಲಿ. ಹತ್ತಿರ ತಟ್ಟೆ ಬಡಿದರೆ ಮುಟ್ಟದೆಯೇ ಮಂಡಕ್ಕಿ ಕುಣಿಯುತ್ತದೆ. ಯಾರು ಕುಣಿಸಿದರು ಎಂಬ ಚರ್ಚೆ ಅರ್ಧ ಗಂಟೆ ನಡೆಯುತ್ತದೆ, ನೀವು ತೆಪ್ಪಗಿದ್ದರೆ.

ಎಂಜಿನಿಯರಿಂಗ್ ಎಂದರೆ ಬೆಂಗಳೂರಿನ ಕಾಲೇಜು ಎಂದುಕೊಂಡವರು ಮಣ್ಣೆತ್ತಿನ ಅಮಾವಾಸ್ಯೆಯ ದಿನ ಈ ಊರುಗಳಿಗೆ ಬರಬೇಕು. ಅಂದು ಮಾಡುವ ಮಣ್ಣಿನ ಎತ್ತಿಗೆ ಸಣ್ಣ ಕಾಲು ಇಟ್ಟರೆ ಕುಸಿಯುತ್ತದೆ, ದಪ್ಪ ಕಾಲು ಇಟ್ಟರೆ ನಿಲ್ಲುತ್ತದೆ. ಡುಬ್ಬ ದೊಡ್ಡದಾದರೆ ಮುಂದಕ್ಕೆ ಮುಗ್ಗರಿಸುತ್ತದೆ. ಎರೆಮಣ್ಣಿನದು ಚೆನ್ನಾಗಿ ಮೆತ್ತಿಕೊಂಡರೂ ಒಣಗಿದಾಗ ಬಿರಿಯುತ್ತದೆ. ನೀರು ಕುಡಿದು ಉಬ್ಬಿ ಒಣಗಿ ಕುಗ್ಗುವುದು ಆ ಮಣ್ಣಿನ ಗುಣ. ತುಸು ಮರಳು ಬೆರೆಸಿದ್ದು, ಕೆಮ್ಮಣ್ಣಿನದು, ಬರೀ ಎರೆಯದು, ಹೀಗೆ ಮೂರು ಎತ್ತು ಮಾಡಿ ನೆರಳಿನಲ್ಲಿಟ್ಟು ನಾಳೆ ನೋಡಿದರೆ ಮುರಿದದ್ದೇ ಪಾಠ ಹೇಳುತ್ತದೆ. ಎತ್ತಿಗೆ ಬಂಡಿ ಬೇಕಲ್ಲ? ಜೋಳದ ದಂಟು ಸುಲಿದು ಬೆಂಡು ತೆಗೆದು ಗಾಲಿ, ಮುಳ್ಳಿನ ಅಚ್ಚು. ಮುಳ್ಳು ಚುಚ್ಚುವ ಕೆಲಸ ದೊಡ್ಡವರದಿರಲಿ, ಎಲ್ಲಿ ಚುಚ್ಚಬೇಕೆಂಬ ತೀರ್ಮಾನ ಮಗುವಿನದಿರಲಿ. ನಡುವಿಗೆ ಬೀಳದ ಗಾಲಿ ಕುಂಟುತ್ತದೆ. ಕುಂಟುವ ಬಂಡಿಯನ್ನು ದಯವಿಟ್ಟು ನೀವು ರಿಪೇರಿ ಮಾಡಬೇಡಿ.

ಅಚ್ಚಿನ ಬೆಲೆ ಕೊಟ್ಟೂರಿನವರಿಗೆ ಹೇಳಿಕೊಡಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ತೇರು ಅಚ್ಚು ಮುರಿದು, ಸೇರಿದ್ದ ಜನಸಾಗರದ ಎದುರೇ ಉರುಳಿತು. ಎತ್ತರದ ತೇರಿನ ಭಾರವನ್ನೆಲ್ಲ ಹೊರುವುದು ಆ ಅಚ್ಚು. ಜಾತ್ರೆಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕಳಸ ತೋರಿಸುತ್ತೇವೆ. ಜಾತ್ರೆಯ ಮುನ್ನಾದಿನ, ಗದ್ದಲವಿಲ್ಲದಾಗ, ಗಾಲಿಯ ಹತ್ತಿರ ನಿಲ್ಲಿಸಿ ಅದರ ಎತ್ತರವನ್ನು ಮಗುವಿನ ಎತ್ತರಕ್ಕೆ ಹೋಲಿಸಿ ನೋಡಿ. ತೇರನ್ನು ನಿಲ್ಲಿಸಲು ಗಾಲಿಗೆ ಕೊಡುವ ಮರದ ತುಂಡನ್ನೂ ತೋರಿಸಿ. ಮನೆಗೆ ಬಂದ ಮೇಲೆ ದಂಟಿನ ಬಂಡಿಯನ್ನು ಇಳಿಜಾರಿನ ಹಲಗೆಯ ಮೇಲೆ ಬಿಟ್ಟು, ಬೆಣೆ ಎಲ್ಲಿಡಬೇಕೆಂದು ಕೇಳಿ.

ಹರಪನಹಳ್ಳಿಯ ಬಾಗಳಿಯ ಕಲ್ಲೇಶ್ವರ ಗುಡಿಯ ಬಗ್ಗೆ ಹೇಳುವ ಮೊದಲು ಜರ್ಮನಿಗೆ ಒಂದು ಹೆಜ್ಜೆ. 1837ರಲ್ಲಿ ಮೊದಲ ಶಿಶುವಿಹಾರ ತೆರೆದ ಫ್ರೀಡ್ರಿಶ್ ಫ್ರೋಬೆಲ್ ಅದಕ್ಕೆ ಮೊದಲು ಬರ್ಲಿನ್ನಿನಲ್ಲಿ ಹರಳುಗಳ ವಿಜ್ಞಾನಿಯೊಬ್ಬರ ಬಳಿ ಸಹಾಯಕನಾಗಿದ್ದವನು. ಮಕ್ಕಳಿಗೆ ಅವನು ಕೊಟ್ಟ ಆಟಿಕೆಗಳಲ್ಲಿ ಮರದ ಗುಂಡು, ಸಿಲಿಂಡರು, ಘನಗಳಿದ್ದವು. ಘನವನ್ನು ದಾರಕ್ಕೆ ಕಟ್ಟಿ ಜೋರಾಗಿ ತಿರುಗಿಸಿದರೆ ಅಂಚು ಮಾಯವಾಗಿ ಸಿಲಿಂಡರು ಕಾಣುತ್ತದೆ. ಬಾಗಳಿಯಲ್ಲಿ ಚಾಳುಕ್ಯರ ಕಾಲದ ಶಿಲ್ಪಿಗಳು ಚೌಕದ ಕಲ್ಲನ್ನು ತಿರುಗಣೆಗೆ ಹಾಕಿ ತಿರುಗಿಸಿ ತಿರುಗಿಸಿ ಉರುಟು ಕಂಬ ಮಾಡಿದರು. ಫ್ರೋಬೆಲ್‌ನ ದಾರದ ಆಟ ಇಲ್ಲಿ ಕಲ್ಲಾಗಿ ನಿಂತಿದೆ. ಮಗು ಕಂಬವನ್ನು ತಬ್ಬಿಕೊಳ್ಳಲಿ, ಕೆಳಗಿನಿಂದ ಮೇಲಕ್ಕೆ ಕೈಯಾಡಿಸುತ್ತ ಎಲ್ಲಿ ಮೂಲೆ ಸಿಗುತ್ತದೆ, ಎಲ್ಲಿ ಜಾರುತ್ತದೆ ಎಂದು ಕಣ್ಣುಮುಚ್ಚಿ ಹೇಳಲಿ. ದಾರದಿಂದ ಎರಡು ಕಂಬದ ಸುತ್ತಳತೆ ಹಿಡಿದು ಹೋಲಿಸಲಿ.

ಹಗರಿಬೊಮ್ಮನಹಳ್ಳಿಯ ಮಕ್ಕಳ ಭಾಗ್ಯ ಇನ್ನೊಂದು ತರಹದ್ದು. ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ನೂರು ಹೆಕ್ಟೇರಿಗೆ ತುಸು ಕಡಿಮೆಯ ಈ ಕೆರೆಯ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಕೊಕ್ಕನ್ನು ಅರೆತೆರೆದು ಕೆಸರುನೀರಿನಲ್ಲಿ ಆಡಿಸುತ್ತ, ಏನಾದರೂ ತಾಗಿದ ತಕ್ಷಣ ಗಪ್ಪನೆ ಮುಚ್ಚುತ್ತದೆ. ರಾಡಿನೀರಿನ ಬೋಗುಣಿಯಲ್ಲಿ ಶೇಂಗಾಕಾಯಿ ತೇಲಿಬಿಟ್ಟು, ಹುಣಸೆಬೀಜ ಮುಳುಗಿಸಿ, ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಚಿಮಟ ಕೊಡಿ. ಇನ್ನೊಂದು ಮಗುವಿಗೆ ಚಮಚ. ಯಾರ 'ಕೊಕ್ಕಿ'ಗೆ ಯಾವುದು ಸುಲಭ? ಆಮೇಲೆ ಕೆರೆಗೆ ಕರೆದುಕೊಂಡು ಹೋದರೆ ಮಗು ಹಕ್ಕಿಯ ಬಣ್ಣವನ್ನಷ್ಟೇ ಅಲ್ಲ, ಮೂತಿಯನ್ನೂ ನೋಡುತ್ತದೆ.

ಇಷ್ಟನ್ನೆಲ್ಲ ಅಂಗನವಾಡಿ ಟೀಚರಮ್ಮನ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ತಿ. ನರಸೀಪುರವೂ ಇತ್ತು. ಅಂದಿನಿಂದ ಊಟ ಹಾಕುವುದು, ತೂಕ ನೋಡುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕೂಡಿಸುವುದು, ದಾಖಲೆ ಬರೆಯುವುದು ಎಲ್ಲ ಅಂಗನವಾಡಿ ಟೀಚರಮ್ಮಂದಿರದೇ. ಈಗ ಮೊಬೈಲಿಗೆ ಅಂಕಿ ತುಂಬುವುದೂ ಸೇರಿದೆ. ಅವರಿಗೆ ಸಿಗುವ ಗೌರವಧನಕ್ಕೆ ಇಷ್ಟು ಕೆಲಸ ಅನ್ಯಾಯವೇ. ಆದರೆ ಅವರು ದಿನವೂ ಮಾಡುವ ಕೆಲಸದಲ್ಲೇ ಅರ್ಧ ವಿಜ್ಞಾನವಿದೆ. ತೂಕದ ಯಂತ್ರ ಇದೆಯಲ್ಲ, ಮಗು ಬರಿಗೈಲಿ ಒಮ್ಮೆ, ಕಲ್ಲು ಹಿಡಿದು ಒಮ್ಮೆ ನಿಲ್ಲಲಿ. ತಟ್ಟೆ ಹಂಚುವಾಗ, "ಇನ್ನೂ ಎಷ್ಟು ಬೇಕು?" ಎಂದು ಮಗುವನ್ನೇ ಕೇಳಬಹುದು. ರಾಜ್ಯದ ಅಂಗನವಾಡಿಗಳ 'ಚಿಲಿಪಿಲಿ' ಪಠ್ಯಕ್ರಮವೂ ಚಟುವಟಿಕೆಯ ದಾರಿಯಲ್ಲೇ ಹೋಗುತ್ತದೆ. ಕೊರತೆ ಇರುವುದು ಕಿಟ್ಟಿನದಲ್ಲ, ಪುರುಸೊತ್ತಿನದು. ಮಗುವಿನ ಪಕ್ಕ ಸುಮ್ಮನೆ ಕೂರುವ ಹತ್ತು ನಿಮಿಷ ಅವರಿಗೆ ಸಿಗಬೇಕಾದರೆ ಎರಡು ದಾಖಲೆ ಪುಸ್ತಕ ಕಡಿಮೆಯಾಗಬೇಕು. ಅಧಿಕಾರದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ವಾಕ್ಯದ ಕೆಳಗೆ ಗೆರೆ ಎಳೆದುಕೊಳ್ಳಿ.

ಎಚ್ಚರಿಕೆಯ ಎರಡು ಮಾತು. ಮೂರು ವರ್ಷದೊಳಗಿನವರ ಕೈಗೆ ಹುಣಸೆಬೀಜ, ಶೇಂಗಾ, ಕಾಳು ಕೊಡಬೇಡಿ. ಅವು ಮೂಗಿಗೂ ಗಂಟಲಿಗೂ ಹೋಗುತ್ತವೆ. ದೊಡ್ಡ ಮಕ್ಕಳು ಆಡುವಾಗಲೂ ಕೊಟ್ಟ ಬೀಜ ಎಣಿಸಿ ಕೊಡಿ, ಎಣಿಸಿ ವಾಪಸು ತೆಗೆದುಕೊಳ್ಳಿ. ಅದೂ ಗಣಿತವೇ. ನೀರಿನ ಬೋಗುಣಿಯ ಹತ್ತಿರ ದೊಡ್ಡವರು ಇರಲೇಬೇಕು. ನಾನು ಚಹಾಕ್ಕೆ ಎದ್ದುಹೋದಾಗ ಟೀಚರಮ್ಮ ಅಲ್ಲೇ ಕೂತಿದ್ದರು, ಬಾಯಿ ಮಾತ್ರ ತೆರೆಯಲಿಲ್ಲ. ಅವರು ಗೆದ್ದರು.

ಇವತ್ತು ಸಂಜೆ ನಾಲ್ಕು ಹುಣಸೆಬೀಜ ಕಲ್ಲಿಗೆ ಉಜ್ಜಿಡಿ. ಮೊದಲ ಎಸೆತ ಮಗುವಿನದು. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಎಸೆತವೂ ಮಗುವಿನದೇ, ಆಟದ ನಿಯಮ ಹಾಗಿದೆ.